ವೀಲ್ ಪೈಲಟ್ ಸಾಕಾ, ದೊಡ್ಡದೇ ಬೇಕಾ? ಹಾಯಿದೋಣಿಯ ತೂಕ ನೋಡಿ ಆಟೋಪೈಲಟ್ ಆರಿಸುವ ಬಗೆ

ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿಯುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. "ಗೋವಾದಲ್ಲಿ ಹಳೇ ಹಾಯಿದೋಣಿ ಸಿಕ್ಕಿತು, 32 ಅಡಿ. ಸ್ಟೇರಿಂಗ್ ಚಕ್ರಕ್ಕೇ ಕೂರಿಸುವ ಆಟೋಪೈಲಟ್ ಸಾಕಾ? ಇಲ್ಲಾ ಡೆಕ್ಕಿನ ಕೆಳಗೆ ಕೂರಿಸುವ ದೊಡ್ಡದೇ ಬೇಕಾ?" ಕೇಳುವವರು ಉದ್ದ ಹೇಳುತ್ತಾರೆ, ಯಾವ ವರ್ಷದ್ದು ಅಂತ ಹೇಳುತ್ತಾರೆ, ಎಷ್ಟಕ್ಕೆ ಕುದುರಿತು ಅನ್ನೋದನ್ನೂ ಹೇಳುತ್ತಾರೆ. ತೂಕ ಮಾತ್ರ ಹೇಳುವುದಿಲ್ಲ. ಲೆಕ್ಕ ಶುರುವಾಗುವುದೇ ಅಲ್ಲಿಂದ.

ಆಟೋಪೈಲಟ್ ಅಂದರೆ ಹಿಡಿದ ದಿಕ್ಕಿನಲ್ಲೇ ದೋಣಿಯನ್ನು ತಾನೇ ನಡೆಸುವ ಯಂತ್ರ. ಅದು ಯಾಕೆ ಅನ್ನುವವರಿಗೆ ಒಂದೇ ಮಾತು. ಕಾರವಾರದಿಂದ ಮರ್ಮಗೋವಾಕ್ಕೆ ಸುಮಾರು 40 ನಾಟಿಕಲ್ ಮೈಲಿ. 5 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಹೋದರೆ ಎಂಟು ಗಂಟೆ. ದೋಣಿಯಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಒಬ್ಬರು ಚಕ್ರ ಹಿಡಿದು ನಿಂತರೆ ಹಾಯಿ ಎಳೆಯುವುದು, ನಕ್ಷೆ ನೋಡುವುದು, ಚಾ ಕಾಸುವುದು ಎಲ್ಲ ಇನ್ನೊಬ್ಬರ ಮೇಲೆ. ಆಟೋಪೈಲಟ್ ಅಂದರೆ ಮೂರನೇ ಆಳು. ಊಟ ಕೇಳುವುದಿಲ್ಲ, ಕರೆಂಟು ಕೇಳುತ್ತದೆ.

ತೂಕ: ಕ್ಯಾಟಲಾಗಿನದ್ದಲ್ಲ, ನಿಮ್ಮ ದೋಣಿಯದ್ದು

ಉದ್ದ ಯಾಕೆ ಸಾಲದು ಅನ್ನುವುದಕ್ಕೆ ಎರಡು ದೋಣಿ ಸಾಕು. ಕ್ಯಾಟಲಿನಾ 30 ಅನ್ನುವ ಅಮೆರಿಕದ ದೋಣಿ ಸುಮಾರು 4,600 ಕಿಲೊ. ವೆಸ್ಟ್‌ಸೇಲ್ 32 ಅದಕ್ಕಿಂತ ಎರಡೇ ಅಡಿ ಉದ್ದ, ತೂಕ ಮಾತ್ರ ಸುಮಾರು 8,800 ಕಿಲೊ. ಮೊದಲನೆಯದಕ್ಕೆ ವೀಲ್ ಪೈಲಟ್, ಅಂದರೆ ಚಕ್ರಕ್ಕೇ ಕೂರಿಸುವ ಆಟೋಪೈಲಟ್, ಆರಾಮಾಗಿ ಆಗುತ್ತದೆ. ಎರಡನೆಯದಕ್ಕೆ ಹಾಕಿದರೆ ಅದು ಹೆಣಗಾಡುತ್ತದೆ, ಆಮೇಲೆ ಕೆಡುತ್ತದೆ.

ಇನ್ನು ಕ್ಯಾಟಲಾಗಿನಲ್ಲಿರುವ ತೂಕ ಖಾಲಿ ದೋಣಿಯದ್ದು. ಸಾಮಾನು ತುಂಬಿದ ದೋಣಿ ಅದಕ್ಕಿಂತ ಸುಮಾರು 20 ಶೇಕಡಾ ಜಾಸ್ತಿ ತೂಗುತ್ತದೆ ಅಂತ ಆಟೋಪೈಲಟ್ ಮಾಡುವವರೇ ಎಚ್ಚರಿಸುತ್ತಾರೆ. ಉತ್ಪ್ರೇಕ್ಷೆ ಅನಿಸುತ್ತದಾ? 5,000 ಕಿಲೊ ಅಂತ ಬರೆದಿರುವ ದೋಣಿ ತಗೊಳ್ಳಿ. 200 ಲೀಟರ್ ನೀರು, ಅಂದರೆ 200 ಕಿಲೊ. 100 ಲೀಟರ್ ಡೀಸೆಲ್, 84 ಕಿಲೊ. ಐದು ಜನ, 350. 8 ಮಿಲಿಮೀಟರ್ ಸರಪಳಿ 50 ಮೀಟರ್, 70. ಬ್ಯಾಟರಿ ಮೂರು, 90. ರಬ್ಬರ್ ದೋಣಿ ಮತ್ತು ಅದರ ಎಂಜಿನ್, 60. ಹತಾರ, ಹಗ್ಗ, ಹೆಚ್ಚುವರಿ ಲಂಗರು, ಪಾತ್ರೆ ಪಗಡೆ, ಅಕ್ಕಿ ಬೇಳೆ ಸೇರಿ 150. ಕೂಡಿಸಿ ನೋಡಿ, ಸಾವಿರ ದಾಟಿತು.

ನಿಜವಾದ ತೂಕ ತಿಳಿಯಲು ಸುಲಭದ ದಾರಿ ಇದೆ. ಮಳೆಗಾಲಕ್ಕೆ ಮುಂಚೆ ಕ್ರೇನ್ ತರಿಸಿ ದೋಣಿಯನ್ನು ದಡಕ್ಕೆ ಎತ್ತಿಸುತ್ತೀರಿ ಅಲ್ವಾ? ದೊಡ್ಡ ಕ್ರೇನುಗಳ ಕ್ಯಾಬಿನ್ನಿನಲ್ಲಿ ಎತ್ತಿದ ಭಾರ ತೋರಿಸುವ ಮೀಟರ್ ಇರುತ್ತದೆ. ದೋಣಿ ನೀರಿನಿಂದ ಪೂರ್ತಿ ಮೇಲೆದ್ದು, ಅಲ್ಲಾಡುವುದು ನಿಂತ ಮೇಲೆ ಆಪರೇಟರ್ ಹತ್ತಿರ ಅಂಕಿ ಕೇಳಿ ಬರೆದುಕೊಳ್ಳಿ. ಪಟ್ಟಿ, ಕೊಂಡಿಗಳ ತೂಕ ಕಳೆಯಿರಿ. ಆಗ ದೋಣಿಯಲ್ಲಿ ಇಲ್ಲದಿದ್ದ ನೀರು, ಜನ, ಸಾಮಾನು ಸೇರಿಸಿ. ದುಡ್ಡು ಖರ್ಚಿಲ್ಲದೆ ಸಿಗುವ ಅಂಕಿ ಇದು. ಆದರೂ ಕೇಳುವವರು ಕಡಿಮೆ.

ಇದಾದ ಮೇಲೆ ಆಟೋಪೈಲಟ್ ಪೆಟ್ಟಿಗೆಯ ಮೇಲೆ ಬರೆದಿರುವ ತೂಕದ ಮಿತಿ ನೋಡಿ. ಅದು ಗುರಿಯಲ್ಲ, ಗೋಡೆ. ಹತ್ತು ಟನ್ ಲಾರಿಗೆ ಹತ್ತೂ ಟನ್ ಹೇರಿಕೊಂಡು ದೇವಿಮನೆ ಘಟ್ಟ ಹತ್ತಬಹುದು, ಆದರೆ ದಿನಾ ಹಾಗೇ ಹತ್ತಿಸುವ ಮಾಲೀಕ ಗ್ಯಾರೇಜಿನಲ್ಲೇ ಇರುತ್ತಾನೆ. ತುಂಬಿದ ದೋಣಿಯ ತೂಕ ಯಂತ್ರದ ಮಿತಿಯ ಮುಕ್ಕಾಲು ಪಾಲಿನ ಒಳಗಿರಲಿ ಅನ್ನುವುದು ನನ್ನ ಲೆಕ್ಕ. ಯಾಕೆ ಇಷ್ಟು ಬಿಗಿ ಅಂದರೆ, ಕಾರಣ ನಮ್ಮ ಕಡಲಿನಲ್ಲೇ ಇದೆ.

ಬೆಳಗಿನ ಕಡಲು ಬೇರೆ, ಮಧ್ಯಾಹ್ನದ್ದು ಬೇರೆ

ಮಳೆಗಾಲ ಬಿಟ್ಟ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಗಾಳಿಗೆ ದಿನಚರಿ ಇದೆ. ರಾತ್ರಿಯಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ಕಡಲಿಗೆ ತೆಳು ಗಾಳಿ. ನಡುವೆ ಸ್ವಲ್ಪ ಹೊತ್ತು ಏನೂ ಇಲ್ಲ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ, ಅದರ ಜೊತೆಗೆ ಅಲೆಯೂ.

ಬೆಳಗ್ಗೆ ಬೇಗ ಹೊರಟು ಗೋವಾ ಕಡೆ ಹೋಗುವಾಗ ನೀರು ಹಾಸಿದ ಹಾಗಿರುತ್ತದೆ. ಯಾವ ಆಟೋಪೈಲಟ್ ಆದರೂ ಸರಿ, ಸಣ್ಣದೂ ಗೆರೆ ಎಳೆದ ಹಾಗೆ ಹೋಗುತ್ತದೆ. ಮಾರುವವರು ಬೆಳಗ್ಗೆಯೇ ತೋರಿಸುವುದು ಸುಮ್ನೆ ಅಲ್ಲ!

ಅದೇ ದೋಣಿಯನ್ನು ಮಧ್ಯಾಹ್ನ ದಕ್ಷಿಣಕ್ಕೆ, ಕುಮಟಾ ದಾಟಿ ನೇತ್ರಾಣಿ ಕಡೆಗೆ ತಿರುಗಿಸಿ. ಈಗ ಅಲೆ ಹಿಂದಿನಿಂದ, ಓರೆಯಾಗಿ ಬರುತ್ತದೆ. ಬಂದ ಅಲೆ ಹಿಂಭಾಗದ ಒಂದು ಮಗ್ಗುಲನ್ನು ಎತ್ತಿ ತಳ್ಳುತ್ತದೆ. ಮೂತಿ ಗಾಳಿಯ ಕಡೆ ತಿರುಗಲು ನೋಡುತ್ತದೆ. ಕೈಯಲ್ಲಿ ಚಕ್ರ ಹಿಡಿದವರಿಗೆ ಪಾದದ ಕೆಳಗೆ ದೋಣಿ ಏಳುವುದು ಮೊದಲೇ ಗೊತ್ತಾಗುತ್ತದೆ, ಅರ್ಧ ಸುತ್ತು ಮುಂಚೆಯೇ ತಿರುಗಿಸಿಕೊಂಡಿರುತ್ತಾರೆ. ಯಂತ್ರ ಹಾಗಲ್ಲ. ದೋಣಿ ತಿರುಗಲು ಶುರುವಾದ ಮೇಲೆ ಅದಕ್ಕೆ ತಿಳಿಯುತ್ತದೆ. ಈಗಿನ ಸೆನ್ಸರುಗಳು ಈ ತಡವನ್ನು ಬಹಳ ಕಡಿಮೆ ಮಾಡಿವೆ, ಆದರೆ ತಿಳಿದ ಮೇಲೂ ಮೋಟರು ಚಕ್ರವನ್ನು ತಿರುಗಿಸಬೇಕಲ್ಲ. ಭಾರದ ದೋಣಿ ಒಮ್ಮೆ ತಿರುಗಲು ಹೊರಟರೆ ಅಷ್ಟು ಬೇಗ ನಿಲ್ಲುವುದಿಲ್ಲ. ಮೋಟರಿಗೆ ಬಲವೂ ಬೇಕು, ವೇಗವೂ ಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ದೋಣಿ ಹಾವಿನ ದಾರಿ ಹಿಡಿಯುತ್ತದೆ.

ಹಾಗಾಗಿ ನೀವು ಯಾವ ದಿಕ್ಕಿಗೆ, ಯಾವ ಹೊತ್ತಿನಲ್ಲಿ ಜಾಸ್ತಿ ಹೋಗುತ್ತೀರಿ ಅನ್ನುವುದು ತೂಕದಷ್ಟೇ ಮುಖ್ಯ. ಕಾಳಿ ಅಳಿವೆಯಿಂದ ಹೊರಟು ದೇವಗಡ ದ್ವೀಪದ ದೀಪಸ್ತಂಭದವರೆಗೆ ಹೋಗಿ ಬರುವವರಿಗೂ, ರಾತ್ರಿ ಪಯಣ ಮಾಡಿ ಮಂಗಳೂರು ಮುಟ್ಟುವವರಿಗೂ ಒಂದೇ ಉತ್ತರ ಇರಲಾರದು.

ಉಳಿದ ಎರಡು ಪರೀಕ್ಷೆ

ಒಂದು, ನಿಮ್ಮ ಚಕ್ರ ಎಷ್ಟು ಬಿಗಿ. ದೋಣಿ ಲಂಗರಿನಲ್ಲಿ ನಿಂತಿರುವಾಗ ಎರಡು ಬೆರಳಲ್ಲಿ ತಿರುಗಿಸಿ. ಅಲ್ಲೇ ಬಿಗಿ ಅನಿಸಿದರೆ ಕೇಬಲ್, ಪುಲ್ಲಿ, ಚುಕ್ಕಾಣಿಯ (ನೀರೊಳಗಿದ್ದು ದೋಣಿಯನ್ನು ತಿರುಗಿಸುವ ಹಲಗೆಯ) ಬೇರಿಂಗ್ ನೋಡಿಸಿ. ಎಷ್ಟೋ ಹಳೇ ದೋಣಿಗಳಲ್ಲಿ ಆಟೋಪೈಲಟ್ ಸೋಲುವುದು ಉಪ್ಪು ಹಿಡಿದ ಪುಲ್ಲಿಯಿಂದ. ಗ್ರೀಸ್ ಡಬ್ಬಿಯ ಕೆಲಸಕ್ಕೆ ಲಕ್ಷ ರೂಪಾಯಿ ಸುರಿಯುವುದು ಬೇಡ. ಒಂದು ತುದಿಯಿಂದ ಇನ್ನೊಂದು ತುದಿಗೆ ಚಕ್ರ ಎಷ್ಟು ಸುತ್ತು ಅಂತಲೂ ಎಣಿಸಿಕೊಳ್ಳಿ. ಸುತ್ತು ಜಾಸ್ತಿಯಾದಷ್ಟು ಚಕ್ರ ಹಗುರ, ಆದರೆ ಚುಕ್ಕಾಣಿ ತಿರುಗುವುದು ನಿಧಾನ.

ಎರಡು, ಕರೆಂಟು. ವೀಲ್ ಪೈಲಟ್ ಸಮುದ್ರ ಶಾಂತವಿದ್ದರೆ ಒಂದೆರಡು ಆಂಪಿಯರ್ ಎಳೆಯುತ್ತದೆ, ಅಲೆ ಎದ್ದರೆ ಇನ್ನೂ ಜಾಸ್ತಿ. ಕೆಳಗೆ ಕೂರಿಸುವ ದೊಡ್ಡವು ಅದಕ್ಕೂ ಮೇಲೆ. 100 ವಾಟ್‌ನ ಸೋಲಾರ್ ಹಲಗೆ ನಮ್ಮ ಬಿಸಿಲಲ್ಲಿ ದಿನಕ್ಕೆ ಸುಮಾರು 30 ಆಂಪಿಯರ್ ಅವರ್ ಕೊಟ್ಟೀತು. ಹಾಯಿಯ ನೆರಳು ಬಿದ್ದರೆ ಅದೂ ಇಲ್ಲ. ಹಗಲು ಪಯಣಕ್ಕೆ ಇದು ತಲೆನೋವಲ್ಲ. ರಾತ್ರಿ ಪೂರ್ತಿ ಓಡಿಸುವವರು ಮಾತ್ರ ಬ್ಯಾಟರಿಯ ಲೆಕ್ಕ ಮೊದಲೇ ಹಾಕಿಕೊಳ್ಳಲಿ.

ಟಿಲ್ಲರ್ ಪೈಲಟ್

ಚಕ್ರದ ಬದಲು ಉದ್ದ ಹಿಡಿಕೆ ಇರುವ ಸಣ್ಣ ದೋಣಿಗಳಿಗೆ ಇದು. ಒಂದು ಉದ್ದನೆ ಕೊಳವೆ, ಒಳಗೆ ಮೋಟರು, ಹಿಡಿಕೆಯನ್ನು ಆಚೆ ಈಚೆ ತಳ್ಳುತ್ತದೆ. ರೇಮರೀನ್‌ನ ಎಸ್‌ಟಿ1000 ಪ್ಲಸ್ 3,000 ಕಿಲೊವರೆಗೆ, ಎಸ್‌ಟಿ2000 ಪ್ಲಸ್ 4,500 ಕಿಲೊವರೆಗೆ ಅಂತ ಕಂಪನಿಯ ಅಂಕಿ. ಎಲ್ಲಕ್ಕಿಂತ ಅಗ್ಗ, ಕಳಚಿ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯಬಹುದು. ಚಕ್ರದ ದೋಣಿಯವರಿಗೆ ನೇರ ಉಪಯೋಗ ಇಲ್ಲ. ಆದರೆ ಪೂರ್ತಿ ಮರೆಯಬೇಡಿ, ಮುಂದೆ ಗಾಳಿಪಟ್ಟಿಯ (ಗಾಳಿಯ ನೆರವಿನಲ್ಲೇ ದೋಣಿ ನಡೆಸುವ ಸಾಧನದ) ಮಾತು ಬಂದಾಗ ಇದು ಮತ್ತೆ ಬರುತ್ತದೆ.

ವೀಲ್ ಪೈಲಟ್

ಚಕ್ರದ ಹಿಂಬದಿಗೆ ಒಂದು ದುಂಡನೆ ಪ್ಲಾಸ್ಟಿಕ್ ಬಳೆ. ಅದರೊಳಗೆ ಹಲ್ಲಿನ ಬೆಲ್ಟು, ಪಕ್ಕಕ್ಕೆ ಅಂಟಿಕೊಂಡ ಮೋಟರು. ಬಳೆಯ ಮೇಲೊಂದು ಪುಟ್ಟ ಲಿವರ್. ಅದನ್ನು ಒತ್ತಿದರೆ ಕ್ಲಚ್ ಹಿಡಿದು ಮೋಟರು ಚಕ್ರವನ್ನು ತಿರುಗಿಸುತ್ತದೆ, ಬಿಟ್ಟರೆ ಚಕ್ರ ನಿಮ್ಮ ಕೈಗೆ ಬರುತ್ತದೆ. ಬಲೆಯ ತೇಲುಬುಂಡೆ ಎದುರಾದಾಗ ಒಂದೇ ಬೆರಳಲ್ಲಿ ಬಿಡಿಸಿಕೊಳ್ಳಬಹುದು. ಇದು ಸಣ್ಣ ಅನುಕೂಲ ಅಲ್ಲ.

ಇವತ್ತು ಹೊಸದಾಗಿ ಸಿಗುವವುಗಳಲ್ಲಿ ಹೆಚ್ಚು ಜನ ಕೇಳುವುದು ರೇಮರೀನ್ ಇವಿ-100 ವೀಲ್. ಮಿತಿ 7,500 ಕಿಲೊ. ನನ್ನ ಮುಕ್ಕಾಲು ಪಾಲಿನ ಲೆಕ್ಕದಲ್ಲಿ ಅದು ಸುಮಾರು 5,600 ಕಿಲೊ ಆಯಿತು, ತುಂಬಿದ ದೋಣಿಗೆ. ಅಂದರೆ ಕ್ಯಾಟಲಾಗಿನಲ್ಲಿ 4,600, 4,700 ಇರುವ ದೋಣಿ. ಆ ಕ್ಯಾಟಲಿನಾ 30 ಸರಿಯಾಗಿ ಇಲ್ಲಿ ಕೂರುತ್ತದೆ.

ಇದರ ಒಳ್ಳೆಯದು ಏನೆಂದರೆ ಬೆಲೆ, ಮತ್ತೆ ಕೂರಿಸುವ ಸುಲಭ. ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿಯುವ ಧೈರ್ಯ ಇದ್ದವರು ಒಂದೆರಡು ದಿನದಲ್ಲಿ ತಾವೇ ಹಾಕಿಕೊಳ್ಳಬಹುದು. ದೋಣಿಯ ಒಳಗೆ ಏನನ್ನೂ ಕೊರೆದು ಕಟ್ಟುವ ಕೆಲಸ ಇಲ್ಲ.

ಕೆಟ್ಟದ್ದು? ಮೊದಲನೆಯದು, ಬಿಸಿಲು, ಉಪ್ಪುನೀರು ಎಲ್ಲ ನೇರ ಇದರ ಮೇಲೇ. ಬೆಲ್ಟು ಸಡಿಲಾದರೆ ಹಲ್ಲು ಹಾರುತ್ತದೆ. ಆ ಕರ್ ಕರ್ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಲಿವರಿನ ಸಂದಿಯಲ್ಲಿ ಉಪ್ಪು ಹರಳುಗಟ್ಟಿದರೆ ಕ್ಲಚ್ ಅರ್ಧ ಹಿಡಿದು ನಿಲ್ಲುತ್ತದೆ. ಪ್ರತಿ ಸಲ ಬಂದ ಮೇಲೆ ಒಂದು ಚೊಂಬು ಸಿಹಿನೀರು ಸುರಿಯುವ ಅಭ್ಯಾಸ ಇದ್ದರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಎರಡನೆಯದು ದೊಡ್ಡದು. ಇದು ತಿರುಗಿಸುವುದು ಚಕ್ರವನ್ನು, ಚುಕ್ಕಾಣಿಯನ್ನಲ್ಲ. ನಡುವಿನ ಕೇಬಲ್ ಹರಿದರೆ ಕೈಯಲ್ಲಿ ನಡೆಸುವುದೂ ಹೋಯಿತು, ಆಟೋಪೈಲಟ್ಟೂ ಹೋಯಿತು. ಮೂರನೆಯದು, ಹೈಡ್ರಾಲಿಕ್ ಸ್ಟೇರಿಂಗ್ ಇರುವ ದೋಣಿಗೆ ಇದು ಹೊಂದುವುದಿಲ್ಲ. ಅವರಿಗೆ ಎಣ್ಣೆ ತಳ್ಳುವ ಪಂಪಿನ ಬೇರೆ ಸೆಟ್ಟೇ ಇದೆ.

ಸದ್ದಿನ ಬಗ್ಗೆಯೂ ಹೇಳಬೇಕು. ಮೋಟರು ನಿಮ್ಮ ಮೊಣಕಾಲಿನ ಹತ್ತಿರವೇ ಕೂತು ದಿನವಿಡೀ ಜುಂಯ್ ಜುಂಯ್ ಅನ್ನುತ್ತದೆ. ಕೆಲವರಿಗೆ ಅದೇ ಸಮಾಧಾನ, ಕೆಲಸ ಮಾಡ್ತಾ ಇದೆ ಅಂತ. ಹಾಯಿ ಬಿಚ್ಚಿ ನಿಶ್ಶಬ್ದ ಹುಡುಕಿಕೊಂಡು ಹೋದವರಿಗೆ ಮಧ್ಯಾಹ್ನದ ಹೊತ್ತಿಗೆ ತಲೆಚಿಟ್ಟು.

ಡೆಕ್ಕಿನ ಕೆಳಗಿನ ಲೀನಿಯರ್ ಡ್ರೈವ್

ಇದು ಚಕ್ರದ ತಂಟೆಗೇ ಹೋಗುವುದಿಲ್ಲ. ಒಳಗೆ ಚುಕ್ಕಾಣಿಯ ಕಂಬಕ್ಕೆ ಒಂದು ತೋಳು ಬಿಗಿದು, ಅದನ್ನು ಮೋಟರಿನ ಸಲಾಕೆ ತಳ್ಳುತ್ತದೆ, ಎಳೆಯುತ್ತದೆ. ರೇಮರೀನ್‌ನ ಪಟ್ಟಿಯಲ್ಲಿ ಟೈಪ್ 1 ಡ್ರೈವ್ 11,000 ಕಿಲೊವರೆಗೆ. ಟೈಪ್ 2ರಲ್ಲಿ ಗಿಡ್ಡದು 15,000, ಉದ್ದದ್ದು 20,000. ಗಾರ್ಮಿನ್, ಬಿ ಆ್ಯಂಡ್ ಜಿ ಕಂಪನಿಗಳ ಕಂಪ್ಯೂಟರಿಗೂ ಇಂಥ ಡ್ರೈವ್ ಜೋಡಿಸಬಹುದು. ಮುಕ್ಕಾಲು ಪಾಲು ಹಾಕಿದರೂ ಟೈಪ್ 1ಕ್ಕೆ 8,000 ಕಿಲೊ ದಾಟಿ ಜಾಗ ಉಳಿಯುತ್ತದೆ. 36, 38 ಅಡಿಯ ಸಾಮಾನ್ಯ ದೋಣಿಗಳು ಅದರೊಳಗೆ ಬರುತ್ತವೆ. ಆ ವೆಸ್ಟ್‌ಸೇಲ್ 32 ಬರುವುದಿಲ್ಲ, ಸಾಮಾನು ತುಂಬಿದರೆ ಅದು ಹತ್ತು ಸಾವಿರ ದಾಟುತ್ತದೆ. ಅದಕ್ಕೆ ನಾನು ಟೈಪ್ 2 ಹೇಳುತ್ತೇನೆ.

ಬಲ ಇದೆ, ವೇಗ ಇದೆ, ಬಿಸಿಲು ಉಪ್ಪು ತಾಗುವುದಿಲ್ಲ. ತನ್ನದೇ ತೋಳು ಇರುವುದರಿಂದ ಸ್ಟೇರಿಂಗ್ ಕೇಬಲ್ ಹರಿದರೂ ಇದು ದೋಣಿಯನ್ನು ಮನೆಗೆ ತರುತ್ತದೆ. ರಾತ್ರಿ ಹೊರಗಿರುವವರಿಗೆ ಈ ಒಂದು ಗುಣವೇ ಸಾಕು ಅಂತ ನನ್ನ ಅಭಿಪ್ರಾಯ.

ಆದರೆ ಸಾಮಾನಿಗೇ ವೀಲ್ ಪೈಲಟ್‌ಗಿಂತ ಎರಡು ಪಟ್ಟಿಗೂ ಮೇಲೆ ದುಡ್ಡು. ಅದಕ್ಕಿಂತ ಕಷ್ಟ ಕೂರಿಸುವುದು. ಡ್ರೈವ್ ತಳ್ಳುವ ಬಲವನ್ನು ತಡೆಯಲು ದೋಣಿಯ ಮೈಗೇ ಫೈಬರ್ ಹಾಕಿ ಗಟ್ಟಿ ಹಲಗೆ ಕಟ್ಟಬೇಕು. ಈ ಕೆಲಸ ಸಡಿಲಾದರೆ ಡ್ರೈವ್ ತನ್ನ ಹಲಗೆಯನ್ನೇ ಕಿತ್ತು ಹಾಕುತ್ತದೆ. ಮೀನುಗಾರಿಕೆ ಬೋಟಿನ ಫೈಬರ್ ಕೆಲಸ ಮಾಡುವವರು ನಮ್ಮಲ್ಲಿ ಇದ್ದಾರೆ, ಕೈ ಒಳ್ಳೆಯದೇ ಇದೆ. ಆದರೆ ಎಲ್ಲಿ, ಯಾವ ಕೋನದಲ್ಲಿ ಅಂತ ಅಳತೆ ಹಾಕಿ ಕೊಡುವವರು ನೀವೇ ಆಗಬೇಕು. ಕೈಪಿಡಿಯಲ್ಲಿ ಚಿತ್ರ ಇರುತ್ತದೆ, ಅದನ್ನು ಬಿಟ್ಟು ಅಂದಾಜಿನಲ್ಲಿ ಕೊರೆಯಲು ಬಿಡಬೇಡಿ.

ಗಾಳಿಪಟ್ಟಿ

ವಿಂಡ್‌ವೇನ್ ಅನ್ನುತ್ತಾರೆ. ದೋಣಿಯ ಹಿಂದೆ ಒಂದು ಪಟ್ಟಿ ಗಾಳಿಗೆ ವಾಲುತ್ತದೆ, ಆ ವಾಲುವಿಕೆ ನೀರಿಗೆ ಇಳಿಬಿಟ್ಟ ಒಂದು ಹಲಗೆಯನ್ನು ತಿರುಗಿಸುತ್ತದೆ, ಹರಿಯುವ ನೀರಿನ ಬಲ ದೋಣಿಯ ದಿಕ್ಕು ಕಾಯುತ್ತದೆ. ಕರೆಂಟು ಬೇಡವೇ ಬೇಡ. ಇದರ ತಾಕತ್ತು ನೋಡಬೇಕಾದರೆ ಅಭಿಲಾಷ್ ಟೋಮಿ ಅವರನ್ನು ನೆನೆಯಬೇಕು. ನೌಕಾಪಡೆಯಲ್ಲಿದ್ದ ಅವರು 2022ರಲ್ಲಿ ಶುರುವಾದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದರು. ಆ ಸ್ಪರ್ಧೆಯಲ್ಲಿ ಎಲೆಕ್ಟ್ರಾನಿಕ್ ಆಟೋಪೈಲಟ್ ಹಾಕುವ ಹಾಗಿಲ್ಲ, ಗಾಳಿಪಟ್ಟಿಯೇ ಗತಿ.

ಹಾಗಂತ ಕಾರವಾರದವರು ಎಲ್ಲ ಬಿಟ್ಟು ಇದನ್ನೇ ಹಾಕಬೇಕಾ? ಬೇಡ. ಗಾಳಿ ಇಲ್ಲದಿದ್ದರೆ ಇದು ಅಲಂಕಾರದ ವಸ್ತು. ನಮ್ಮ ಬೆಳಗಿನ ಪಯಣ ಅರ್ಧ ಎಂಜಿನ್ ಮೇಲೆಯೇ ನಡೆಯುವುದು, ಆಗ ಇದಕ್ಕೆ ದಿಕ್ಕೇ ಗೊತ್ತಾಗುವುದಿಲ್ಲ. ಮತ್ತೆ ಇದು ಕಾಯುವುದು ಗಾಳಿಯ ಕೋನವನ್ನು. ಗಾಳಿ ತಿರುಗಿದರೆ ದೋಣಿಯೂ ತಿರುಗುತ್ತದೆ. ದಡದ ಹತ್ತಿರ, ನೆಲದ ಗಾಳಿ ಕಡಲ ಗಾಳಿ ಅದಲು ಬದಲಾಗುವ ಕಡೆ, ಇದನ್ನು ನಂಬಿ ಮಲಗುವ ಹಾಗಿಲ್ಲ.

ಒಂದು ಜಾಣ ಜೋಡಣೆ ಮಾತ್ರ ಇದೆ. ಗಾಳಿಪಟ್ಟಿಯ ಜಾಗಕ್ಕೆ ಒಂದು ಸಣ್ಣ ಟಿಲ್ಲರ್ ಪೈಲಟ್ ಸಿಕ್ಕಿಸುವುದು. ದೋಣಿ ನಡೆಸುವ ಭಾರದ ಕೆಲಸ ಗಾಳಿಪಟ್ಟಿಯ ಯಂತ್ರದ್ದು, ಟಿಲ್ಲರ್ ಪೈಲಟ್ ಬರೀ ಸನ್ನೆ ಮಾಡುತ್ತದೆ. ಎಂಜಿನ್ ಮೇಲೆ ಹೋಗುವಾಗಲೂ ದಿಕ್ಕು ಉಳಿಯುತ್ತದೆ, 3,000 ಕಿಲೊ ಮಿತಿಯ ಪುಟ್ಟ ಯಂತ್ರ ಹತ್ತು ಟನ್ನಿನ ದೋಣಿಯನ್ನೂ ನಡೆಸುತ್ತದೆ. ದೂರ ಸಾಗರಕ್ಕೆ ಹೋಗುವ ಭಾರದ ದೋಣಿಯವರು ಇದನ್ನು ಯೋಚಿಸಲಿ. ಒಟ್ಟು ಖರ್ಚು ಲೀನಿಯರ್ ಡ್ರೈವಿನ ಸಾಲಿಗೇ ಬರುತ್ತದೆ, ಕಡಿಮೆಯೇನಲ್ಲ.

ಹಾಗಾದರೆ ಯಾರಿಗೆ ಯಾವುದು

ತುಂಬಿದ ತೂಕ 5,600 ಕಿಲೊ ಒಳಗಿದ್ದು ಹಗಲು ಹೋಗಿ ಹಗಲು ಬರುವವರು ಕಣ್ಣು ಮುಚ್ಚಿ ವೀಲ್ ಪೈಲಟ್ ಹಾಕಿ. ಉಳಿದ ದುಡ್ಡಲ್ಲಿ ಒಳ್ಳೆ ಲಂಗರು, ಹೊಸ ಹಾಯಿ ತಗೊಳ್ಳಿ.

5,600ರಿಂದ 7,000ದ ನಡುವೆ ಇರುವವರದ್ದೇ ಕಷ್ಟ. ಪೆಟ್ಟಿಗೆಯ ಮೇಲಿನ ಅಂಕಿ ಆಗುತ್ತದೆ ಅನ್ನುತ್ತದೆ, ಮಧ್ಯಾಹ್ನದ ಅಲೆ ಆಗುವುದಿಲ್ಲ ಅನ್ನುತ್ತದೆ. ನೀವು ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಲಂಗರು ಹಾಕುವವರಾದರೆ, ಅಲೆ ಎದ್ದಾಗ ಕೈಯಲ್ಲೇ ಚಕ್ರ ಹಿಡಿಯಲು ಬೇಸರ ಇಲ್ಲದಿದ್ದರೆ, ವೀಲ್ ಪೈಲಟ್ ನಡೆಯುತ್ತದೆ. ಅದರ ಕೆಲಸ ಹಗುರ ಮಾಡುವ ಖರ್ಚಿಲ್ಲದ ಉಪಾಯವೂ ಇದೆ. ಚಕ್ರ ಒಂದೇ ಕಡೆ ಎಳೆಯುತ್ತಿದೆ ಅಂದರೆ ದೊಡ್ಡ ಹಾಯಿ ಜಾಸ್ತಿಯಾಗಿದೆ ಅಂತ ಅರ್ಥ. ಒಂದು ಮಡಿಕೆ ಕಟ್ಟಿ, ಅಂದರೆ ಹಾಯಿಯನ್ನು ಸ್ವಲ್ಪ ಮಡಚಿ ಕಟ್ಟಿ ಸಣ್ಣದು ಮಾಡಿ. ವೇಗ ಅರ್ಧ ನಾಟ್ ಇಳಿಯಬಹುದು, ಮೋಟರಿನ ಪಾಡು ಅರ್ಧಕ್ಕರ್ಧ ಇಳಿಯುತ್ತದೆ. ಆದರೆ ಇದೇ ತೂಕದವರು ರಾತ್ರಿ ಪಯಣ ಶುರು ಮಾಡುವ ಯೋಚನೆಯಲ್ಲಿದ್ದರೆ ಈಗ ಸಣ್ಣದು ತಗೊಂಡು ಆಮೇಲೆ ದೊಡ್ಡದು ತಗೊಳ್ಳುವುದು ಎರಡು ಸಲ ಖರ್ಚು. ಒಂದು ಸೀಸನ್ ಕೈಯಲ್ಲೇ ನಡೆಸಿ, ದುಡ್ಡು ಕೂಡಿಸಿ, ನೇರ ಕೆಳಗಿನ ಡ್ರೈವಿಗೇ ಹೋಗಿ.

7,000 ದಾಟಿದವರು ವೀಲ್ ಪೈಲಟ್ ಕಡೆ ನೋಡುವುದೇ ಬೇಡ. ಯಾರೋ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೂ.

ಸೆಕೆಂಡ್ ಹ್ಯಾಂಡ್ ವೀಲ್ ಪೈಲಟ್ ಬಗ್ಗೆ ಕೇಳುವವರೂ ಇದ್ದಾರೆ. ದೋಣಿಯ ಜೊತೆಗೇ ಹಳೇ ಎಸ್‌ಟಿ4000, ಸಿಮ್ರಾಡ್‌ನ ಡಬ್ಲ್ಯೂಪಿ32 ಬರುವುದುಂಟು. ಓಡುತ್ತಿದ್ದರೆ ಓಡಿಸಿ. ದುಡ್ಡು ಕೊಟ್ಟು ಬೇರೆಯಾಗಿ ಕೊಳ್ಳಬೇಡಿ, ಬಿಡಿಭಾಗಕ್ಕೆ ಅಲೆದಾಡಬೇಕಾಗುತ್ತದೆ.

ಯಾವುದನ್ನೇ ಹಾಕಿ, ಬಲೆ ಮಾತ್ರ ಯಾವುದಕ್ಕೂ ಕಾಣುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ನಮ್ಮ ನೀರು ಟ್ರಾಲ್ ಬೋಟು, ಪರ್ಸೀನ್ ಬೋಟುಗಳಿಂದ ತುಂಬಿರುತ್ತದೆ. ನೀರಲ್ಲಿ ಹರಡಿಬಿಟ್ಟ ಬಲೆಯ ಗುರುತು ಒಂದು ಪ್ಲಾಸ್ಟಿಕ್ ಕ್ಯಾನ್, ಕೆಲವೊಮ್ಮೆ ಒಂದು ಥರ್ಮೋಕೋಲ್ ತುಂಡು, ಅಷ್ಟೆ. ಅದು ತಾಂಡೇಲರ (ಮೀನುಗಾರಿಕೆ ಬೋಟು ನಡೆಸುವವರ) ಹೊಟ್ಟೆಪಾಡು. ನಿಮ್ಮ ಆಟೋಪೈಲಟ್ ಅದರ ಮೇಲೇ ನೇರ ಹೋಗುತ್ತದೆ. ಒಬ್ಬರು ಹೊರಗೆ ಕೂತು ನೋಡುತ್ತಲೇ ಇರಬೇಕು. ಕಾಳಿ, ಅಘನಾಶಿನಿ ಅಳಿವೆಗಳ ಮರಳುದಿಬ್ಬ ದಾಟುವಾಗ ಕ್ಲಚ್ ಬಿಡಿಸಿ ಕೈಗೆ ತಗೊಳ್ಳಿ.

ಇನ್ನು ಆಟೋಪೈಲಟ್ ಇರುವ ದೋಣಿಯನ್ನೇ ಕೊಳ್ಳುತ್ತಿದ್ದರೆ, ಪೂರ್ತಿ ಹಣ ಕೊಡುವ ಮುಂಚೆ ಮಾರುವವರಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಹೊರಡೋಣ ಅನ್ನಿ. ಕಾರವಾರದ ನೌಕಾನೆಲೆಯ ನಿಷೇಧಿತ ಪ್ರದೇಶದಿಂದ ಸಾಕಷ್ಟು ದೂರ ಹೊರಗೆ ಹೋಗಿ, ದಕ್ಷಿಣಕ್ಕೆ ತಿರುಗಿ, ಗಾಳಿ ಅಲೆ ಎರಡೂ ಹಿಂದಿನಿಂದ ಓರೆಯಾಗಿ ಬರುವ ಹಾಗೆ ಮಾಡಿಕೊಂಡು ಯಂತ್ರಕ್ಕೆ ಬಿಡಿ. ಅರ್ಧ ಗಂಟೆ ದಿಕ್ಸೂಚಿಯ ಮುಳ್ಳು ನೋಡುತ್ತಾ ಕೂರಿ. ಆಚೆ ಈಚೆ ಹತ್ತು ಡಿಗ್ರಿಯೊಳಗೆ ಓಲಾಡಿದರೆ ಕೊಳ್ಳಿ. ಇಪ್ಪತ್ತು ದಾಟಿದರೆ ಒಂದು ಮಡಿಕೆ ಕಟ್ಟಿಸಿ ಮತ್ತೊಮ್ಮೆ ನೋಡಿ. ಆಗಲೂ ಇಪ್ಪತ್ತರ ಮೇಲೇ ಇದ್ದರೆ, ಹೊಸ ಲೀನಿಯರ್ ಡ್ರೈವಿನ ಬೆಲೆಯನ್ನು ದೋಣಿಯ ಬೆಲೆಯಿಂದ ಕಳೆದು ಮಾತಾಡಿ.